ಬೆಲ್ಟೋ ಚೈನೋ? ಮಳೆ ಸೀಮೆಯ ಮಣಿಕಟ್ಟಿಗೆ ವಾಚಿನ ಪಟ್ಟಿ ಆರಿಸುವ ಬಗೆ

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ವಾಚ್ ಅಂಗಡಿಗೆ ಹೋದರೆ ಮೊದಲು ಬರುವ ಪ್ರಶ್ನೆ ಒಂದೇ: "ಬೆಲ್ಟ್ ಬೇಕಾ, ಚೈನ್ ಬೇಕಾ?" ಬೆಲ್ಟ್ ಅಂದರೆ ಚರ್ಮದ್ದು, ಇಲ್ಲವೇ ಚರ್ಮದ ಹಾಗೆ ಕಾಣುವುದು. ಚೈನ್ ಅಂದರೆ ಲೋಹದ್ದು. ಗಿರಾಕಿ ಕೈಗೆ ಹಿಡಿದು ಬಣ್ಣ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಕಟ್ಟಿಸಿಕೊಂಡು ಹೊರಡುತ್ತಾರೆ. ಆರು ತಿಂಗಳಿಗೆ ಬೆಲ್ಟು ನಾರುತ್ತದೆ, ಇಲ್ಲವೇ ಚೈನಿನ ಬಂಗಾರದ ಬಣ್ಣ ಮೇಜಿಗೆ ಉಜ್ಜಿ ಹೋಗುತ್ತದೆ. ಆಗ ಬೈಗುಳ ವಾಚಿಗೆ.

ಈ ಎರಡು ಜಿಲ್ಲೆಗಳಲ್ಲಿ ಪಟ್ಟಿ ಆರಿಸುವಾಗ ಬಣ್ಣಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಎರಡು ಮಾತು: ನಿಮ್ಮ ಊರಿನಲ್ಲಿ ಮಳೆ ಎಷ್ಟು? ನಿಮ್ಮ ಕೈ ದಿನವಿಡೀ ಏನನ್ನು ಮುಟ್ಟುತ್ತದೆ? ಅರಸೀಕೆರೆ, ಕಡೂರು ಬಯಲುಸೀಮೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಮಲೆನಾಡು. ಅರಸೀಕೆರೆಯಲ್ಲಿ ವರ್ಷವಿಡೀ ಸುರಿಯುವಷ್ಟು ಮಳೆ ಘಟ್ಟದಂಚಿನಲ್ಲಿ ಜುಲೈ ಒಂದರಲ್ಲೇ ಸುರಿದುಬಿಡಬಹುದು. ಒಂದೇ ಅಂಗಡಿಯಿಂದ ಒಂದೇ ಬೆಲ್ಟನ್ನು ಇಬ್ಬರು ಕೊಂಡು, ಒಬ್ಬರು ಅರಸೀಕೆರೆ ಕಡೆಯ ಬಾಣಾವರಕ್ಕೂ ಇನ್ನೊಬ್ಬರು ಸಕಲೇಶಪುರ ಕಡೆಯ ಹಾನುಬಾಳಿಗೂ ಹೋದರೆ ಆ ಬೆಲ್ಟುಗಳ ಆಯಸ್ಸು ಒಂದೇ ಇರುವುದಿಲ್ಲ.

ಮೊದಲು ಅಳತೆ, ಆಮೇಲೆ ಆಸೆ

ವಾಚಿನ ಕೇಸಿನಿಂದ ಮೇಲೆ ಎರಡು, ಕೆಳಗೆ ಎರಡು ಕೊಂಬುಗಳು ಚಾಚಿಕೊಂಡಿರುತ್ತವೆ. ಇವೇ ಲಗ್. ಎರಡು ಲಗ್‌ಗಳ ಒಳಮೈ ನಡುವಿನ ಅಂತರವೇ ಪಟ್ಟಿಯ ಅಳತೆ. ಗಂಡಸರ ವಾಚುಗಳಲ್ಲಿ ಸಾಮಾನ್ಯವಾಗಿ 18, 20, 22 ಮಿ.ಮೀ., ಹೆಂಗಸರ ವಾಚುಗಳಲ್ಲಿ 12, 14, 16. ನಡುವೆ 19, 21ರ ತರಲೆಗಳೂ ಇವೆ. ಮನೆಯಲ್ಲಿ ವರ್ನಿಯರ್ ಇಲ್ಲದಿದ್ದರೆ ಗಟ್ಟಿ ಕಾಗದದ ಚೂರೊಂದನ್ನು ಲಗ್‌ಗಳ ನಡುವೆ ಬಿಗಿಯಾಗಿ ಕೂರುವಷ್ಟು ಅಗಲಕ್ಕೆ ಕತ್ತರಿಸಿ, ಅದನ್ನು ಸ್ಟೀಲ್ ಸ್ಕೇಲಿನ ಮೇಲಿಟ್ಟು ನೋಡಿ. ಹಳೆಯ ಬೆಲ್ಟನ್ನು ಅಳೆಯಬೇಡಿ. ಅದು ಸವೆದು ಕುಗ್ಗಿರುತ್ತದೆ, ಅಥವಾ ಹಿಂದಿನವರು ತಪ್ಪು ಅಳತೆಯದ್ದನ್ನೇ ಹಾಕಿರುತ್ತಾರೆ.

ಒಂದು ಮಿಲಿಮೀಟರಿನ ವ್ಯತ್ಯಾಸಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ? ಚರ್ಮವಾದರೆ ಸ್ವಲ್ಪ ಹೊಂದಿಕೊಳ್ಳುತ್ತದೆ. 19ರ ಜಾಗಕ್ಕೆ 20ರ ಬೆಲ್ಟನ್ನು ಒತ್ತಿ ಕೂರಿಸಬಹುದು, ಅಂಚು ತುಸು ಮಡಚುತ್ತದೆ ಅಷ್ಟೆ. ಲೋಹ ಬಗ್ಗುವುದಿಲ್ಲ, ಹಾಗಾಗಿ ಚೈನಿನಲ್ಲಿ ಅಳತೆ ಅಂದರೆ ಅಳತೆಯೇ. ಜಾಗಕ್ಕಿಂತ ಕಿರಿದಾದದ್ದನ್ನು ಹಾಕಿದರೆ ಇನ್ನೂ ಕೆಟ್ಟದು. 20ರ ಜಾಗದಲ್ಲಿ 18ರ ಪಟ್ಟಿ ಅತ್ತಿತ್ತ ಜಾರಾಡುತ್ತದೆ, ಪಟ್ಟಿಯನ್ನು ಲಗ್‌ಗಳ ನಡುವೆ ಹಿಡಿದಿಡುವ ಪಿನ್ನಿನ ತುದಿ ಬರಿದಾಗಿ ಕಾಣುತ್ತದೆ, ಭಾರ ಒಂದೇ ಕಡೆ ಬಿದ್ದು ಪಿನ್ನು ಬಗ್ಗುತ್ತದೆ. ಬಗ್ಗಿದ ಪಿನ್ನು ಒಂದು ದಿನ ಬಸ್ಸಿನ ಕಂಬಿ ಹಿಡಿದಾಗ ಕಳಚಿಕೊಳ್ಳುತ್ತದೆ.

ನಂತರ ಮಣಿಕಟ್ಟು. ಮೂಳೆಯ ಗಂಟಿನಿಂದ ಸ್ವಲ್ಪ ಮೇಲೆ, ವಾಚು ಕೂರುವ ಜಾಗದಲ್ಲಿ ನೂಲು ಸುತ್ತಿ ಸೆಂಟಿಮೀಟರಿನಲ್ಲಿ ಅಳೆಯಿರಿ. ಬೆಳಗ್ಗೆ ಒಮ್ಮೆ, ಬಿಸಿಲು ಏರಿದ ಮೇಲೆ ಒಮ್ಮೆ ಅಳೆದರೆ ಒಳ್ಳೆಯದು. ಸೆಕೆಗೆ, ಕೆಲಸಕ್ಕೆ ಮಣಿಕಟ್ಟು ತುಸು ಊದುತ್ತದೆ. ಅಂಗಡಿಯ ಸಾಮಾನ್ಯ ಬೆಲ್ಟು 115/75 ಅಥವಾ 120/75 ಮಿ.ಮೀ. ಇರುತ್ತದೆ: ತೂತಿರುವ ಉದ್ದ ತುಂಡು 115, ಬಕಲಿನ ಗಿಡ್ಡ ತುಂಡು 75. ಸುಮಾರು 16.5ರಿಂದ 19 ಸೆಂ.ಮೀ. ಮಣಿಕಟ್ಟಿಗೆ ಇದು ಸರಿ. ಅದಕ್ಕಿಂತ ಸಣ್ಣ ಕೈಯವರು ಶಾರ್ಟ್, ದೊಡ್ಡ ಕೈಯವರು ಲಾಂಗ್ ಎಂದು ಕೇಳಿ ಪಡೆಯಬೇಕು. ಏಳು ತೂತಿನ ಬೆಲ್ಟಿನಲ್ಲಿ ಮೂರನೆಯದೋ ನಾಲ್ಕನೆಯದೋ ತೂತಿಗೆ ಕೈ ಕೂತರೆ ಅಳತೆ ಸರಿಯಾಗಿದೆ ಎಂದರ್ಥ. ವಾಚಿಗೆ ಹತ್ತಿರದ ಕೊನೆಯ ತೂತಿಗೆ ಸಿಕ್ಕಿಸಿ "ಆಯ್ತು ಬಿಡಿ" ಅನ್ನುವ ಅಂಗಡಿಯವರ ಮಾತಿಗೆ ಒಪ್ಪಬೇಡಿ. ಬಾಲ ಉದ್ದವಾಗಿ ಲೂಪಿನಿಂದ ಹೊರಬಂದು ಎಲ್ಲದಕ್ಕೂ ಸಿಕ್ಕಿಕೊಳ್ಳುತ್ತದೆ.

ವಾಚಿನ ತೂಕ ನೋಡಿ

ಮೈಮೇಲೆ ಪಟ್ಟಿ ಹೇಗೆ ಕೂರುತ್ತದೆ ಎಂಬುದನ್ನು ನಿರ್ಧರಿಸುವುದು ತೂಕ. ತೆಳು ಚರ್ಮದ ಬೆಲ್ಟು ಹದಿನೈದಿಪ್ಪತ್ತು ಗ್ರಾಂ. ಗಟ್ಟಿ ಕೊಂಡಿಗಳ ಸ್ಟೀಲ್ ಚೈನು ಅದರ ನಾಲ್ಕು ಪಟ್ಟೋ ಹೆಚ್ಚೋ ತೂಗುತ್ತದೆ. 42–44 ಮಿ.ಮೀ.ನ ದಪ್ಪ ಆಟೋಮ್ಯಾಟಿಕ್ ವಾಚಿಗೆ ತೆಳು ಬೆಲ್ಟು ಹಾಕಿದರೆ ತಲೆಭಾರವಾಗಿ ವಾಚು ಮಣಿಕಟ್ಟಿನ ಪಕ್ಕಕ್ಕೆ ತಿರುಗಿ ಕೂರುತ್ತದೆ. ಗಂಟೆ ನೋಡಲು ಪ್ರತಿ ಸಲ ಕೈ ತಿರುಗಿಸಬೇಕು. ಅಂಥದ್ದಕ್ಕೆ ಚೈನು ಬೇಕು, ಇಲ್ಲವೇ 4 ಮಿ.ಮೀ. ದಪ್ಪದ ಚರ್ಮ ಬೇಕು.

ಇದರ ತಿರುವುಮುರುವು ಹಳೆಯ ಎಚ್‌ಎಂಟಿಗಳಲ್ಲಿ ಕಾಣುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳ ಬೀರುವಿನಲ್ಲಿ ಅಜ್ಜನ ಕೀಲಿ ಕೊಡುವ ಎಚ್‌ಎಂಟಿ ಒಂದು ಇದ್ದೇ ಇರುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ವಾಚುಗಳು ಹಗುರ, ತೆಳು. ಗಂಡಸರ ಹಲವು ಮಾದರಿಗಳ ಲಗ್ 18 ಮಿ.ಮೀ. ಇವಕ್ಕೆ ಇಂದಿನ ಭಾರದ ಚೈನು ಹಾಕಿದರೆ ಬಡಕಲು ಎತ್ತಿಗೆ ದೊಡ್ಡ ನೊಗ ಹೂಡಿದ ಹಾಗೆ. ಇನ್ನೊಂದು ತೊಂದರೆಯೂ ಇದೆ. ಆ ಕಾಲದ ಅನೇಕ ಕೇಸುಗಳು ಹಿತ್ತಾಳೆಯ ಮೇಲೆ ಕ್ರೋಮ್ ಲೇಪಿಸಿದವು, ಹಿಂದಿನ ಮುಚ್ಚಳ ಮಾತ್ರ ಸ್ಟೀಲ್. ಚೈನಿನ ತುದಿಕೊಂಡಿ ಲಗ್‌ನ ಒಳಮೈಗೆ ಉಜ್ಜಿ ಉಜ್ಜಿ ಕ್ರೋಮ್ ಎದ್ದರೆ ಒಳಗಿನ ಹಳದಿ ಹಿತ್ತಾಳೆ ಬೆವರಿಗೆ ಸಿಕ್ಕು ಹಸಿರುಗಟ್ಟುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ತೆಗೆದುಕೊಂಡಿತು. ಕೆಟ್ಟ ಕೇಸಿಗೆ ಬದಲಿ ಹುಡುಕುವುದು ಸುಲಭವಲ್ಲ. ಅಜ್ಜನ ವಾಚಿಗೆ 2ರಿಂದ 2.5 ಮಿ.ಮೀ. ದಪ್ಪದ ಸಾದಾ ಚರ್ಮವೇ ಸರಿ. ಅದನ್ನು ಮಳೆಗೆ ಒಯ್ಯಲೂಬಾರದು.

ಮಳೆ, ತೋಟ, ಕೆಲಸ

ಚರ್ಮ ಎಂದರೆ ನಾರು. ನೀರು ಕುಡಿಯುತ್ತದೆ, ಬೆವರಿನ ಉಪ್ಪು ಕುಡಿಯುತ್ತದೆ, ಒಣಗುವಾಗ ನೀರು ಹೋಗಿ ಉಪ್ಪು ಉಳಿಯುತ್ತದೆ. ಆ ಉಪ್ಪೇ ಬೆಲ್ಟನ್ನು ಬಿರುಸು ಮಾಡಿ, ಬಾಗುವ ಜಾಗದಲ್ಲಿ, ಅಂದರೆ ಲಗ್ ಪಕ್ಕದಲ್ಲಿ ಮತ್ತು ನೀವು ದಿನಾ ಹಾಕುವ ತೂತಿನಲ್ಲಿ, ಸೀಳುವುದು. ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಸೇರಿಕೊಳ್ಳುತ್ತದೆ: ಒಣಗಲು ಸಮಯವೇ ಸಿಗುವುದಿಲ್ಲ. ರಾತ್ರಿ ಬಿಚ್ಚಿಟ್ಟ ಒದ್ದೆ ಬೆಲ್ಟು ಬೆಳಗ್ಗೆಯೂ ಒದ್ದೆ. ನಾಲ್ಕು ದಿನಕ್ಕೆ ನಾತ, ಹತ್ತು ದಿನಕ್ಕೆ ಬಿಳಿ ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆ ಓಡಾಡುವವರಿಗೆ ಚರ್ಮ ಬೇಡ. ಇದರಲ್ಲಿ ಎರಡು ಮಾತಿಲ್ಲ. ರೈನ್‌ಕೋಟ್ ಇದೆಯಲ್ಲ ಅನ್ನಬೇಡಿ. ರೈನ್‌ಕೋಟಿನ ತೋಳಿನೊಳಗೆ ಮಳೆಯ ಬದಲು ಬೆವರು ಇರುತ್ತದೆ.

ತೋಟದ ಕೆಲಸಕ್ಕೆ ಕೆಲವು ಮಾತು ಬಿಡಿಸಿ ಹೇಳಬೇಕು. ಕಾಫಿ ಹಣ್ಣಿನ ಅಂಟು, ಅಡಿಕೆಯ ಚೊಗರು, ಬೋರ್ಡೋ ದ್ರಾವಣ, ಇವು ಮೂರೂ ಪಟ್ಟಿಯ ವೈರಿಗಳು, ಆದರೆ ಬೇರೆ ಬೇರೆ ದಾರಿಯಲ್ಲಿ. ಕಾಫಿಯ ಅಂಟು ಸಿಹಿ, ಚೈನಿನ ಸಂದುಗಳಲ್ಲಿ ಸೇರಿ ಒಣಗಿ ಕೊಂಡಿಗಳು ತಿರುಗದ ಹಾಗೆ ಗಟ್ಟಿ ಮಾಡುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಕರಗುತ್ತದೆ, ಹೆದರಬೇಕಿಲ್ಲ. ಚೊಗರಿನಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಇದೆ. ಟ್ಯಾನಿನ್ನಿಗೆ ಕಬ್ಬಿಣ ಸೋಕಿದರೆ ಕಪ್ಪು, ಹಳೆಯ ಕಾಲದಲ್ಲಿ ಶಾಯಿ ಮಾಡುತ್ತಿದ್ದುದೇ ಹೀಗೆ. ತಿಳಿ ಕಂದು ಚರ್ಮದ ಬೆಲ್ಟಿನಲ್ಲಿ ಬಕಲಿನ ಸುತ್ತ, ಪಿನ್ನಿನ ಸುತ್ತ ಕಪ್ಪು ಮಚ್ಚೆ ಬಂದಿದ್ದರೆ ಕೊಳೆ ಎಂದು ಉಜ್ಜಬೇಡಿ, ತುಕ್ಕಿನ ಕಬ್ಬಿಣ ಮತ್ತು ಚರ್ಮದೊಳಗಿನ ಟ್ಯಾನಿನ್ ಸೇರಿ ಆದ ಬಣ್ಣ ಅದು, ಹೋಗುವುದಿಲ್ಲ. ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಸುಣ್ಣ ಚರ್ಮಕ್ಕೆ ಆಗದು. ಹಸಿ ತೊಗಲಿನಿಂದ ಕೂದಲು ಕೀಳಲು ಸುಣ್ಣದಲ್ಲೇ ನೆನೆಹಾಕುತ್ತಾರೆ ಎಂಬುದನ್ನು ನೆನೆಸಿಕೊಂಡರೆ ಸಾಕು. ಔಷಧಿ ಹೊಡೆಯುವ ದಿನ ಯಾವ ವಾಚೂ ಬೇಡ.

ಚೈನಿಗೂ ಒಂದು ಎಚ್ಚರಿಕೆ, ಇದು ಅಂದಚಂದದ ಮಾತಲ್ಲ. ಚರ್ಮ ಎಲ್ಲಿಗಾದರೂ ಸಿಕ್ಕಿದರೆ ಹರಿಯುತ್ತದೆ. ಸ್ಟೀಲ್ ಚೈನು ಸುಲಭಕ್ಕೆ ಹರಿಯುವುದಿಲ್ಲ, ಕೈಯನ್ನೇ ಎಳೆದುಕೊಂಡು ಹೋಗುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಬೆಲ್ಟು, ಪಂಪ್‌ಸೆಟ್ಟಿನ ಪುಲ್ಲಿ, ಕಳೆ ಕೊಚ್ಚುವ ಯಂತ್ರ, ಹಿಟ್ಟಿನ ಗಿರಣಿ, ಇವುಗಳ ಹತ್ತಿರ ಹೋಗುವಾಗ ಚೈನು ಬಿಚ್ಚಿ ಜೇಬಿಗೆ ಹಾಕಿ. ಟ್ರ್ಯಾಕ್ಟರ್, ಜೀಪು, ಯುಪಿಎಸ್ ಬ್ಯಾಟರಿಯ ಕೆಲಸ ಮಾಡುವವರೂ ಅಷ್ಟೆ. ಸ್ಪ್ಯಾನರ್ ಹಿಡಿದ ಕೈಯ ಚೈನು ಪ್ಲಸ್ ಟರ್ಮಿನಲ್ಲಿಗೂ ಬಾಡಿಗೂ ನಡುವೆ ಸಿಕ್ಕರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಮಣಿಕಟ್ಟಿನ ಸುತ್ತ ಬಳೆಯ ಹಾಗೆ ಸುಟ್ಟ ಗಾಯವಾಗುತ್ತದೆ.

ಕಚೇರಿ, ಶಾಲೆ, ಬ್ಯಾಂಕು ಎಂದು ನೆರಳಲ್ಲಿ ಕೆಲಸ ಮಾಡುವವರಿಗೆ ಇಂಥ ಭಯವಿಲ್ಲ. ಅವರ ತೊಂದರೆ ಮೇಜು. ಚೈನಿನ ಲಾಕು ದಿನವಿಡೀ ಮೇಜಿನಂಚಿಗೆ, ಲ್ಯಾಪ್‌ಟಾಪಿಗೆ ಉಜ್ಜುತ್ತದೆ, ಎರಡೂ ಗೀರುಬೀಳುತ್ತವೆ. ಹಾಸನ, ಅರಸೀಕೆರೆ, ಕಡೂರಿನ ಕಚೇರಿಯವರಿಗೆ ಚರ್ಮ ಕಣ್ಣುಮುಚ್ಚಿ ಹೇಳಬಹುದಾದ ಆಯ್ಕೆ. ದೇವಸ್ಥಾನಕ್ಕೆ ಹೆಚ್ಚು ಹೋಗುವವರು ಇನ್ನೊಂದು ನೋಡಿಕೊಳ್ಳಿ. ಜೈನ ಬಸದಿಗಳಲ್ಲಿ ಚರ್ಮದ ವಸ್ತು ಒಳಗೆ ತರಬಾರದೆಂಬ ಪದ್ಧತಿ ಸಾಮಾನ್ಯ, ಮಡಿ ಪಾಲಿಸುವ ಮನೆಗಳಲ್ಲೂ ಹಾಗೆಯೇ. ಶ್ರವಣಬೆಳಗೊಳಕ್ಕೆ ಹೊರಟ ದಿನ ಚೈನು ಕಟ್ಟಿಕೊಂಡರೆ ಬಾಗಿಲಲ್ಲಿ ಪೇಚಾಡುವುದು ತಪ್ಪುತ್ತದೆ.

ಚರ್ಮ ಎಂದು ಕೊಡುವುದೆಲ್ಲ ಚರ್ಮವಲ್ಲ

ಬೆಲ್ಟಿನ ಹಿಂಬದಿಯಲ್ಲಿ 'ಜೆನ್ಯೂನ್ ಲೆದರ್' ಎಂದು ಒತ್ತಿರುತ್ತದೆ. ಆ ಮುದ್ರೆ ಹಿಂಬದಿಯ ತೆಳು ಪದರಕ್ಕಷ್ಟೇ ಸಂಬಂಧಿಸಿದ್ದೂ ಇರಬಹುದು, ಮೇಲುಗಡೆ ರೆಕ್ಸಿನ್ ಇರಬಹುದು. ತೊಗಲಿನ ಮೇಲ್ಪದರವನ್ನು ಹೆರೆಯದೆ ಉಳಿಸಿಕೊಂಡದ್ದು ಫುಲ್ ಗ್ರೇನ್, ನಾರು ಒತ್ತೊತ್ತಾಗಿ ಹೆಣೆದುಕೊಂಡಿರುವ ಭಾಗ ಅದೇ, ಬಾಳಿಕೆಯೂ ಅದರದ್ದೇ. ಮೇಲನ್ನು ಉಜ್ಜಿ ನಯಮಾಡಿದ್ದು ಟಾಪ್ ಗ್ರೇನ್. ಚರ್ಮದ ಪುಡಿ, ಚೂರುಗಳನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು ಬಾಂಡೆಡ್. ಬಾಂಡೆಡ್ ಬೆಲ್ಟು ಹೊಸದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುತ್ತದೆ. ಒಂದು ಮಳೆ ಕಂಡರೆ ಹಪ್ಪಳದಂತೆ ಪದರ ಪದರವಾಗಿ ಏಳುತ್ತದೆ.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆ ಹೀಗೆ. ಬೆಲ್ಟನ್ನು ಬೆರಳಿಗೆ ಸುತ್ತಿ ಬಗ್ಗಿಸಿ: ಒಳ್ಳೆಯ ಚರ್ಮದಲ್ಲಿ ಸಣ್ಣ ಸಣ್ಣ ಸುಕ್ಕು ಮೂಡಿ, ಬಿಟ್ಟ ಕೂಡಲೇ ಮಾಯವಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಒಂದೇ ಮಡಿಕೆ ಬೀಳುತ್ತದೆ. ತೂತಿನೊಳಗೆ ಇಣುಕಿ ನೋಡಿ, ಬಟ್ಟೆಯ ಎಳೆ, ಕಾಗದದಂಥ ಪದರ ಕಂಡರೆ ಬಿಡಿ. ರಂಧ್ರಗಳೆಲ್ಲ ಅಚ್ಚು ಹೊಡೆದಂತೆ ಒಂದೇ ಅಂತರದಲ್ಲಿದ್ದರೆ ಅದು ನಿಜಕ್ಕೂ ಅಚ್ಚು ಹೊಡೆದದ್ದೇ. ಮೊಸಳೆ ಚರ್ಮದ ಗೆರೆಯ ಬೆಲ್ಟುಗಳೂ ಬಹುಪಾಲು ದನದ ಚರ್ಮದ ಮೇಲೆ ಒತ್ತಿದ ಅಚ್ಚು. ಅದರಲ್ಲಿ ಮೋಸವಿಲ್ಲ, ಆ ಬೆಲೆಗೆ ಮೊಸಳೆ ಬರುವುದಿಲ್ಲ ಎಂದು ಗೊತ್ತಿದ್ದರೆ ಸಾಕು.

ಹದ ಮಾಡಿದ ಬಗೆಯೂ ಮುಖ್ಯ. ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮ ಮೆತ್ತಗೆ, ನೀರನ್ನು ತುಸು ಹೆಚ್ಚು ತಡೆಯುತ್ತದೆ. ಮರದ ತೊಗಟೆಯಲ್ಲಿ ಹದ ಮಾಡಿದ್ದು ಮೊದಲು ಬಿರುಸು, ವಾರ ಹದಿನೈದು ದಿನದಲ್ಲಿ ಕೈಗೆ ಒಗ್ಗುತ್ತದೆ, ಬಣ್ಣ ಗಾಢವಾಗುತ್ತ ಹೋಗುತ್ತದೆ. ಬಯಲುಸೀಮೆಯ ದಾರಿ ಪಕ್ಕದಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ ನಮ್ಮಲ್ಲಿ ಹಿಂದಿನಿಂದ ಚರ್ಮ ಹದ ಮಾಡಲು ಬಳಕೆಯಾದದ್ದು. ನೀರಿನ ಹನಿ ಬಿದ್ದರೆ ಈ ಬಗೆಯ ಚರ್ಮದ ಮೇಲೆ ಕಲೆ ನಿಲ್ಲುತ್ತದೆ, ಮಲೆನಾಡಿಗೆ ಕ್ರೋಮ್ ಹದವೇ ವಾಸಿ. ಆದರೆ ಕೆಲವರ ಮೈಗೆ ಕ್ರೋಮಿಯಂ ಆಗುವುದಿಲ್ಲ. ತುರಿಕೆ ಬಂದರೆ ತೊಗಟೆ ಹದದ್ದಕ್ಕೆ ಬದಲಾಯಿಸಿ ನೋಡಿ.

ಇನ್ನು ಆಯಸ್ಸು. ದಿನಾ ಕಟ್ಟಿದರೆ ಒಳ್ಳೆಯ ಚರ್ಮವೂ ಒಂದರಿಂದ ಎರಡು ವರ್ಷ. ಅದನ್ನು ಟಯರಿನ ಹಾಗೆ ಸವೆಯುವ ವಸ್ತು ಎಂದೇ ಲೆಕ್ಕ ಹಾಕಬೇಕು. ಎರಡು ಬೆಲ್ಟು ಇಟ್ಟುಕೊಂಡು ದಿನ ಬಿಟ್ಟು ದಿನ ಕಟ್ಟಿದರೆ ನಡುವೆ ಒಣಗಲು ಬಿಡುವು ಸಿಕ್ಕಿ ಎರಡೂ ಹೆಚ್ಚು ಬಾಳುತ್ತವೆ.

ಚೈನಿನಲ್ಲಿ ಏನು ನೋಡಬೇಕು

ಲೋಹದಲ್ಲಿ ಕೇಳಬೇಕಾದ ಅಂಕಿ 316ಎಲ್. 304 ಎಂಬುದೂ ಸ್ಟೇನ್‌ಲೆಸ್ಸೇ, ಅಡುಗೆಮನೆಯ ಪಾತ್ರೆಗಳಲ್ಲಿ ಬಳಕೆಯಾಗುವ ಜಾತಿ. 316ಎಲ್‌ನಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಸೇರಿರುತ್ತದೆ, ಉಪ್ಪು ಬೆವರು ಕೊರೆದು ಚುಕ್ಕೆ ಚುಕ್ಕೆ ತೂತು ಬೀಳುವುದನ್ನು ಅದು ತಡೆಯುತ್ತದೆ. ಟೈಟಾನಿಯಂ ಆದರೆ ಇನ್ನೂ ಹಗುರ, ಸ್ಟೀಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಕ, ಮೈಗೆ ತಣ್ಣಗೆ ಚುರ್ ಅನ್ನುವುದೂ ಕಡಿಮೆ. ಡಿಸೆಂಬರಿನ ಬೆಳಗ್ಗೆ ಚಿಕ್ಕಮಗಳೂರಿನಲ್ಲಿ ಸ್ಟೀಲ್ ಚೈನು ಕಟ್ಟಿಕೊಂಡವರಿಗೆ ಇದರ ಬೆಲೆ ಗೊತ್ತು.

ಕೊಂಡಿಗಳನ್ನು ಪಕ್ಕದಿಂದ ನೋಡಿ. ತಗಡನ್ನು ಮಡಿಸಿ ಮಾಡಿದ ಕೊಂಡಿಯಲ್ಲಿ ಸಂದು ಕಾಣುತ್ತದೆ, ಕೈ ಆಡಿಸಿದರೆ ಗಿಲಕಿಯ ಸದ್ದು ಬರುತ್ತದೆ. ಅದು ಹಗುರ ನಿಜ, ಆದರೆ ಮುಂಗೈ ಕೂದಲನ್ನು ಸಂದಿಗೆ ಸಿಕ್ಕಿಸಿ ಕೀಳುವುದೂ ಅದೇ. ಗಟ್ಟಿ ಕೊಂಡಿ ಒಂದೇ ತುಂಡಿನದು. ಹಳೆಯ ಚೈನು ಕೊಳ್ಳುವುದಾದರೆ ಒಂದು ತುದಿ ಹಿಡಿದು, ಕೊಂಡಿಗಳ ಅಗಲದ ಬದಿ ನೆಲಕ್ಕೆ ನೇರ ನಿಲ್ಲುವಂತೆ ಅಡ್ಡಲಾಗಿ ಚಾಚಿ. ಹೊಸದು ಸುಮಾರಾಗಿ ನೆಟ್ಟಗೆ ನಿಲ್ಲುತ್ತದೆ, ಸವೆದದ್ದು ತೋರಣದ ಹಾಗೆ ಜೋತುಬೀಳುತ್ತದೆ. ಒಳಗಿನ ಪಿನ್ನೂ ತೂತೂ ಸವೆದಿವೆ ಎಂದರ್ಥ. ಅದಕ್ಕೆ ಪಾಲಿಶ್ ಮದ್ದಲ್ಲ.

ಮದುವೆಯ ವಾಚುಗಳ ಬಂಗಾರದ ಬಣ್ಣದ ಬಗ್ಗೆ ನೇರವಾಗಿಯೇ ಹೇಳಿಬಿಡೋಣ: ದಿನಾ ಕಟ್ಟಲು ಅದು ಬೇಡ. ಹಿತ್ತಾಳೆಗೆ ಚಿನ್ನದ ತೆಳು ನೀರು ಹಿಡಿಸಿದ ಚೈನು ಮೊದಲು ಲಾಕಿನ ಅಂಚಿನಲ್ಲಿ ಬಿಳಚುತ್ತದೆ, ಆಮೇಲೆ ಮಣಿಕಟ್ಟಿನ ಮೇಲೆ ಹಸಿರು ಗುರುತು ಬಿಡುತ್ತದೆ. ಸ್ಟೀಲಿನ ಮೇಲೆ ಪಿವಿಡಿ, ಅಂದರೆ ನಿರ್ವಾತದಲ್ಲಿ ಆವಿಯಾಗಿಸಿ ಹಿಡಿಸಿದ ಗಟ್ಟಿ ಲೇಪ ಇದ್ದರೆ ಹೆಚ್ಚು ತಡೆಯುತ್ತದೆ, ಆದರೂ ಗೀರು ಬಿದ್ದರೆ ಉಜ್ಜಿ ತೆಗೆಯುವ ಹಾಗಿಲ್ಲ. ಸಾದಾ ಸ್ಟೀಲಿಗೆ ಆ ಅನುಕೂಲ ಇದೆ.

ತುರಿಕೆಯ ವಿಚಾರ. ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಕಿವಿ ಕೀವಾಗುವವರಿಗೆ ನಿಕಲ್ ಆಗುವುದಿಲ್ಲ ಎಂಬ ಅನುಮಾನ ಪಡಬಹುದು. ಅಗ್ಗದ ಲೇಪದ ಚೈನು ಅವರಿಗೆ ಸಲ್ಲ. 316ಎಲ್ ನಿಕಲನ್ನು ಬಹಳ ಕಡಿಮೆ ಬಿಡುತ್ತದೆ, ಅದೂ ಆಗದಿದ್ದರೆ ಟೈಟಾನಿಯಂ. ಆದರೆ ಅಲರ್ಜಿ ಎಂದು ತೀರ್ಮಾನಿಸುವ ಮೊದಲು ಚೈನನ್ನು ಒಮ್ಮೆ ತೊಳೆದು ನೋಡಿ. ಸಂದಿನಲ್ಲಿ ಕೂತ ಸೋಪು, ಬೆವರಿನಿಂದಲೇ ಕೆಂಪಾಗುವುದು ಹೆಚ್ಚು.

ತುದಿಕೊಂಡಿಯನ್ನು ಮರೆಯಬೇಡಿ. ಲಗ್ ಹತ್ತಿರ ಕೇಸಿನ ದುಂಡಿಗೆ ಒಪ್ಪುವಂತೆ ಬಾಗಿದ ತುದಿ ಆಯಾ ಮಾದರಿಗೇ ಮಾಡಿದ್ದು, ಇನ್ನೊಂದು ವಾಚಿಗೆ ಕೂರುವುದು ಅಪರೂಪ. ಬಿಡಿಯಾಗಿ ಸಿಗುವ ಚೈನುಗಳ ತುದಿ ಹೆಚ್ಚಾಗಿ ನೇರ, ನಡುವೆ ಸಂದು ಕಾಣುತ್ತದೆ. ಬೆಲ್ಟಿನಲ್ಲಿ ಬಂದ ವಾಚಿಗೆ ಆಮೇಲೆ ಚೈನು ಹಾಕಿಸುವುದಕ್ಕಿಂತ, ಚೈನಿನಲ್ಲಿ ಬಂದ ವಾಚು ಕೊಂಡು ಆಮೇಲೆ ಬೆಲ್ಟು ಹಾಕಿಸುವುದು ಲಾಭ. ಮಲೆನಾಡಿನವರಿಗಂತೂ ಇದೇ ದಾರಿ: ಮಳೆಗೆ ಚೈನು, ದೀಪಾವಳಿ ಕಳೆದ ಮೇಲೆ ಚರ್ಮ.

ಇವೆರಡೂ ಬೇಡವೆನ್ನುವವರಿಗೆ ನೈಲಾನ್ ಇದೆ. ಎರಡೂ ಪಿನ್ನಿನ ಕೆಳಗೆ ನುಗ್ಗಿ ಹೋಗುವ ಒಂದೇ ಉದ್ದನೆಯ ಪಟ್ಟಿಯಾದರೆ ಒಂದು ಪಿನ್ನು ಹಾರಿದರೂ ಇನ್ನೊಂದರಲ್ಲಿ ವಾಚು ನೇತಾಡಿಕೊಂಡಿರುತ್ತದೆ. ತೋಟಕ್ಕೆ ಬಹಳ ಒಳ್ಳೆಯದು. ಮದುವೆಮನೆಗೆ ಅಲ್ಲ.

ಬೆಲ್ಟು ಬದಲಿಸುವ ಕ್ರಮ

ಬೇಕಾದ್ದು ಸ್ಪ್ರಿಂಗ್ ಬಾರ್ ಟೂಲ್ ಒಂದು, ಒಂದು ತುದಿ ಕವಲು, ಇನ್ನೊಂದು ಮೊನೆ. ಜೊತೆಗೆ ಅಂಚಿರುವ ಊಟದ ತಟ್ಟೆ, ಅದರೊಳಗೆ ಮಡಚಿದ ಟವೆಲ್, ಸ್ವಲ್ಪ ಸೆಲ್ಲೋ ಟೇಪು. ತಟ್ಟೆ ಯಾಕೆಂದರೆ ಪಿನ್ನಿನೊಳಗೆ ಸ್ಪ್ರಿಂಗ್ ಇದೆ, ಜಾರಿದರೆ ಹಾರುತ್ತದೆ. ಸಾವಿಲ್ಲದ ಮನೆಯ ಸಾಸಿವೆಯನ್ನಾದರೂ ತರಬಹುದು, ಹಾರಿದ ಪಿನ್ನು ಸಿಗುವುದು ಕಷ್ಟ. ಚಾಕು, ಸೂಜಿ, ಕತ್ತರಿ ತುದಿ ಬೇಡ, ಅವು ಜಾರಿ ಲಗ್‌ನ ಮೇಲೆ ಗೀರು ಎಳೆಯುತ್ತವೆ.

1. ಲಗ್‌ಗಳ ಒಳಮೈ ಮತ್ತು ಹಿಂಬದಿಗೆ ಟೇಪು ಅಂಟಿಸಿ. ವಾಚನ್ನು ಗಾಜು ಕೆಳಗಾಗಿ ಟವೆಲಿನ ಮೇಲಿಡಿ.

2. ಟೂಲಿನ ಕವಲನ್ನು ಬೆಲ್ಟಿಗೂ ಲಗ್‌ಗೂ ನಡುವಿನ ಸಂದಿಗೆ ತೂರಿಸಿ, ಪಿನ್ನಿನ ಕತ್ತಿನಲ್ಲಿರುವ ಸಣ್ಣ ಅಂಚಿಗೆ ಸಿಕ್ಕಿಸಿ, ಬೆಲ್ಟಿನ ನಡುವಿನ ಕಡೆಗೆ ಎಳೆಯಿರಿ. ತುದಿ ಲಗ್‌ನ ತೂತಿನಿಂದ ಹೊರಬಂದ ಕೂಡಲೇ ಬೆಲ್ಟನ್ನು ಮೇಲಕ್ಕೆತ್ತಿ. ಲಗ್‌ನ ಹೊರಮೈಯಲ್ಲೂ ತೂತು ಕಾಣುವ ವಾಚಾದರೆ ಮೊನೆಯ ತುದಿಯಿಂದ ಹೊರಗಿನಿಂದಲೇ ಒತ್ತಿ ತೆಗೆಯಬಹುದು.

3. ಲಗ್‌ನ ಒಳಗೆ ಕೂತ ಕೊಳೆಯನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ.

4. ಹೊಸ ಬೆಲ್ಟಿಗೆ ಹೊಸ ಪಿನ್ನು ಹಾಕಿ, ಹಳೆಯದನ್ನು ಬಿಸಾಕಿ. ಸಾಮಾನ್ಯ ಪಿನ್ನು 1.5 ಮಿ.ಮೀ. ದಪ್ಪ, ಭಾರದ ವಾಚಿಗೆ 1.8 ಹಾಕಬಹುದು, ಕೆಲವು ಡೈವರ್ ವಾಚುಗಳಿಗೆ 2.5 ಬೇಕು. ತುದಿಯ ಮೊನೆ ತೂತಿಗೆ ಸರಿಹೊಂದಬೇಕು, ತೂತು ದೊಡ್ಡದು ಮೊನೆ ಸಣ್ಣದು ಆದರೆ ಅಲ್ಲಾಡಿ ತೂತನ್ನೇ ಅಗಲ ಮಾಡುತ್ತದೆ.

5. ಬಕಲಿನ ಗಿಡ್ಡ ತುಂಡು 12ರ ಕಡೆ, ತೂತಿನ ಉದ್ದ ತುಂಡು 6ರ ಕಡೆ. ಪಿನ್ನಿನ ಒಂದು ತುದಿಯನ್ನು ತೂತಿಗಿಟ್ಟು, ಇನ್ನೊಂದನ್ನು ಟೂಲಿನಿಂದ ಒತ್ತಿ ಜಾರಿಸಿ. 'ಟಿಕ್' ಎನ್ನಬೇಕು. ಎರಡೂ ತುಂಡನ್ನು ಹಿಡಿದು ಜಗ್ಗಿ ನೋಡಿ, ಸ್ವಲ್ಪ ಓರೆಯಾಗಿಯೂ ಜಗ್ಗಿ. ಕಿತ್ತು ಬರುವುದಿದ್ದರೆ ಈಗಲೇ ಬರಲಿ.

ಬೆಲ್ಟು ಕೊಳ್ಳುವಾಗಲೇ ಬೆರಳಲ್ಲಿ ಎಳೆಯುವ ಸಣ್ಣ ಗುಬಟಿನ ಕ್ವಿಕ್ ರಿಲೀಸ್ ಪಿನ್ನಿನದ್ದು ಸಿಕ್ಕರೆ ಈ ರಗಳೆಯೇ ಇಲ್ಲ. ಋತುವಿಗೊಂದು ಪಟ್ಟಿ ಬದಲಿಸುವವರು ಅದನ್ನೇ ಕೇಳಿ.

ಚೈನು ಗಿಡ್ಡ ಮಾಡುವ ಕ್ರಮ

ಮೊದಲು ಚೈನು ಕಟ್ಟಿ, ಲಾಕಿನ ಹತ್ತಿರ ಸಡಿಲನ್ನು ಚಿವುಟಿ ಹಿಡಿದು ಎಷ್ಟು ಕೊಂಡಿ ಹೆಚ್ಚಿದೆ ನೋಡಿ. ಎರಡೂ ಕಡೆಯಿಂದ ಸಮನಾಗಿ ತೆಗೆಯಬೇಕು, ಬೆಸ ಬಂದರೆ ಹೆಚ್ಚಿನ ಒಂದನ್ನು 6ರ ಕಡೆಯಿಂದ ತೆಗೆಯಿರಿ. ಕಟ್ಟಿದಾಗ ಲಾಕು ಮಣಿಕಟ್ಟಿನ ಅಡಿಯ ನಟ್ಟನಡುವೆ ಬರಬೇಕು. ಒಂದೇ ಕಡೆಯಿಂದ ನಾಲ್ಕು ಕೊಂಡಿ ಕಿತ್ತು ಕೊಡುವ ಅವಸರದ ಕೆಲಸದಲ್ಲಿ ಲಾಕು ಪಕ್ಕಕ್ಕೆ ಬಂದು ಮೂಳೆಗೆ ಒತ್ತುತ್ತದೆ.

ಕೊಂಡಿಯ ಒಳಮೈಯಲ್ಲಿ ಸಣ್ಣ ಬಾಣದ ಗುರುತಿರುತ್ತದೆ. ಪಿನ್ನನ್ನು ಬಾಣದ ದಿಕ್ಕಿಗೇ ಒತ್ತಿ ಹೊರತೆಗೆಯಬೇಕು, ವಾಪಸ್ ಹಾಕುವಾಗ ಬಾಣಕ್ಕೆ ಎದುರಾಗಿ. ಸೀಳು ಪಿನ್ನಾದರೆ ಸೀಳಿಲ್ಲದ ತುದಿ ಮೊದಲು ಒಳಹೋಗಬೇಕು, ಸೀಳಿನ ತುದಿ ಕೊನೆಗೆ. ಉಲ್ಟಾ ಬಡಿದರೆ ಸೀಳು ಅಗಲಿ ತೂತಿನೊಳಗೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಕೊಂಡಿಯನ್ನೇ ಕೊರೆಯಬೇಕಾಗುತ್ತದೆ. ಕೆಲವು ಚೈನುಗಳಲ್ಲಿ ಪಿನ್ನಿನ ಜೊತೆ ಎಳ್ಳುಕಾಳಿನಷ್ಟು ಸಣ್ಣ ಕೊಳವೆ ಇರುತ್ತದೆ, ಪಿನ್ನು ಹೊರಬಂದ ಕೂಡಲೇ ಅದು ಉದುರುತ್ತದೆ. ಅದಿಲ್ಲದೆ ಪಿನ್ನು ನಿಲ್ಲುವುದೇ ಇಲ್ಲ. ತೆಗೆಯುವ ಕೆಲಸವನ್ನು ಬಿಳಿ ಬಟ್ಟೆಯ ಮೇಲೆ ಮಾಡಿ ಅನ್ನುವುದು ಇದಕ್ಕೇ. ಸ್ಕ್ರೂ ಇರುವ ಚೈನಿಗೆ ಸೀಳಿನ ಅಗಲಕ್ಕೆ ಸರಿಯಾದ ಸ್ಕ್ರೂಡ್ರೈವರ್ ಬೇಕು, ಇಲ್ಲದಿದ್ದರೆ ಅಂಗಡಿಗೆ ಕೊಡುವುದೇ ಅಗ್ಗ.

ಕೊನೆಯ ಸಣ್ಣ ಹೊಂದಾಣಿಕೆಗೆ ಲಾಕಿನ ಪಕ್ಕದಲ್ಲಿ ಮೂರ್ನಾಲ್ಕು ತೂತುಗಳಿರುತ್ತವೆ. ಅಲ್ಲಿನ ಸ್ಪ್ರಿಂಗ್ ಪಿನ್ನನ್ನು ಒಂದು ತೂತು ಸರಿಸಿದರೆ ಸುಮಾರು 2 ಮಿ.ಮೀ. ಬದಲಾಗುತ್ತದೆ. ಎರಡೂ ಕಡೆಗೆ ರೆಕ್ಕೆಯಂತೆ ತೆರೆಯುವ ಚಿಟ್ಟೆ ಲಾಕಿನ ಚೈನುಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ, ಒಂದು ಕೊಂಡಿ ತೆಗೆದರೆ ಬಿಗಿ, ಬಿಟ್ಟರೆ ಸಡಿಲ ಎಂಬ ಫಜೀತಿ ಅದರದ್ದು. ಕಟ್ಟಿದ ಮೇಲೆ ಲಾಕಿನ ಕೆಳಗೆ ಕಿರುಬೆರಳು ತೂರಬೇಕು. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟಿನ ಮೇಲೆ ಕೊಂಡಿಗಳ ಅಚ್ಚು ಮೂಡಿದ್ದರೆ ಒಂದು ತೂತು ಸಡಿಲಿಸಿ.

ನೆನೆದಾಗ, ಕೊಳೆಯಾದಾಗ

ನೆನೆದ ಚರ್ಮವನ್ನು ವಾಚಿನಿಂದ ಬಿಚ್ಚಿ, ಒಣ ಬಟ್ಟೆಯಲ್ಲಿ ಒತ್ತಿ (ಉಜ್ಜಿ ಅಲ್ಲ), ಗಾಳಿಯಾಡುವ ನೆರಳಲ್ಲಿ ಪೂರ್ತಿ ಒಂದು ದಿನ ಬಿಡಿ. ಒಲೆಯ ಮುಂದೆ, ಬಚ್ಚಲ ಹಂಡೆಯ ಮೇಲೆ, ಕಾಫಿ ಕಣದ ಬಿಸಿಲಿನಲ್ಲಿ ಒಣಗಿಸಿದರೆ ನಾರು ಸೆಟೆದು ಬಿರುಕು ಬಿಡುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಬಿಡಿ. ಬಣ್ಣ ಕಪ್ಪಾಗುತ್ತದೆ, ದಿನ ಕಳೆದಂತೆ ಕಮಟು ವಾಸನೆ ಬರಬಹುದು, ಅಂಟಿದ ಪದರಗಳೂ ಬಿಟ್ಟುಕೊಳ್ಳುತ್ತವೆ. ಬೂಷ್ಟು ಬಂದಿದ್ದರೆ ಮನೆಯ ಹೊರಗೆ ಒಣ ಬ್ರಷ್‌ನಿಂದ ತೆಗೆದು, ಸೋಪು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಆರಿಸಿ. ಮಳೆಗಾಲಕ್ಕೆ ಎತ್ತಿಡುವಾಗ ಚೆನ್ನಾಗಿ ಒಣಗಿದ ಬೆಲ್ಟನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಒದ್ದೆಯದನ್ನು ಪ್ಲಾಸ್ಟಿಕ್ ಕವರಿಗೆ ಹಾಕುವುದು ಬೂಷ್ಟಿಗೆ ತೊಟ್ಟಿಲು ಕಟ್ಟಿದಂತೆ.

ಚೈನಿಗೆ ತಿಂಗಳಿಗೊಮ್ಮೆ ಸ್ನಾನ ಸಾಕು. ವಾಚಿನಿಂದ ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ, ಹತ್ತು ನಿಮಿಷ ನೆನೆಸಿ, ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಒಳಮೈ ತಿಕ್ಕಿ, ತೊಳೆದು ಒರೆಸಿ. ವಾಚಿನ ಹಿಂದೆ 30 ಮೀಟರ್ ಎಂದು ಬರೆದಿದೆ ಎಂದು ವಾಚಿನ ಸಮೇತ ಮುಳುಗಿಸಬೇಡಿ, ಆ 30 ಮೀಟರ್ ಕೈ ತೊಳೆಯುವಾಗ ಸಿಡಿಯುವ ಹನಿಗಷ್ಟೇ. ಕೀಲಿಯ ಹಳೆಯ ವಾಚಿಗೆ ಅದೂ ಇಲ್ಲ. ಬ್ಲೀಚಿಂಗ್ ಪುಡಿ, ಬಚ್ಚಲು ತೊಳೆಯುವ ಆಸಿಡ್ ಎರಡೂ ಸ್ಟೀಲನ್ನು ಕೊರೆಯುತ್ತವೆ, ಆ ಕೆಲಸಕ್ಕೆ ಕೂರುವ ಮೊದಲು ವಾಚು ಬಿಚ್ಚಿಡಿ.

ಪಿನ್ನುಗಳನ್ನು ಪಟ್ಟಿ ಯಾವುದೇ ಇರಲಿ ವರ್ಷಕ್ಕೊಮ್ಮೆ ಬದಲಿಸಿ, ಮಲೆನಾಡಿನಲ್ಲಾದರೆ ಮಳೆಗಾಲ ಮುಗಿದ ಕೂಡಲೇ. ಚೈನಿನಿಂದ ತೆಗೆದ ಕೊಂಡಿಗಳನ್ನು, ಅವುಗಳ ಪಿನ್ನಿನ ಸಮೇತ, ಅಂಗಡಿಯವರಿಂದ ಕೇಳಿ ಪಡೆದು ಒಂದು ಪೊಟ್ಟಣ ಕಟ್ಟಿ, ಮೇಲೆ ಯಾವ ವಾಚಿನದು ಎಂದು ಬರೆದಿಡಿ. ಕೈ ದಪ್ಪವಾದಾಗ, ಅಥವಾ ಆ ವಾಚು ಮಗನ ಕೈಗೆ ಹೋದಾಗ ಅದೇ ಮಾದರಿಯ ಕೊಂಡಿ ಎಲ್ಲೂ ಸಿಗುವುದಿಲ್ಲ.